ನಿಂತ ನೀರು, ಐದು ಹಡಗು: ಫ್ರೀಡ್ರಿಶ್‌ನ ಬಂದರು ಚಿತ್ರ ಪ್ರತಿ ಮಾಡುವಾಗ ಎಲ್ಲಿ ತಪ್ಪುತ್ತೆ?

ಹೊಸಕುಂಚ

ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಶ್‌ನ ‘ಬದುಕಿನ ಹಂತಗಳು’ ಚಿತ್ರವನ್ನು ಎಣ್ಣೆಬಣ್ಣದಲ್ಲಿ ಪ್ರತಿ ಮಾಡುವ ಬಗ್ಗೆ ಪ್ರಶ್ನೆ. ಸಂಜೆ ಹೊತ್ತು, ಅಲೆಯಿಲ್ಲದ ಬಂದರು, ನೀರಿನಲ್ಲಿ ಐದು ಹಾಯಿಹಡಗು, ದಡದಲ್ಲಿ ಐದು ಜನ. ಮೂಲ 72.5 × 94 ಸೆಂ.ಮೀ., 1834-35ರ ಸುಮಾರಿನದು, ಜರ್ಮನಿಯ ಲೈಪ್‌ಜಿಗ್ ಕಲಾ ಮ್ಯೂಸಿಯಂನಲ್ಲಿದೆ. ಪ್ರತಿಯ ಕ್ಯಾನ್ವಾಸ್ 14 × 18 ಇಂಚು.

ತೊಂದರೆ ಮೂರು ಕಡೆ. ಹಳದಿಯಿಂದ ನೇರಳೆಗೆ ಏರುವ ಆಕಾಶದ ನಡುವೆ ಹಸಿರು ಪಟ್ಟೆ ಮೂಡುತ್ತೆ. ಹಡಗುಗಳು ನೀರಿನ ಮೇಲೆ ಕೂರದೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತವೆ. ಹಗ್ಗಗಳ ಗೆರೆ ಎಷ್ಟು ತೆಳು ಎಳೆದರೂ ಮುಳ್ಳುಬೇಲಿ ಥರ ಆಗುತ್ತೆ. ಒಟ್ಟಿನಲ್ಲಿ ಮೂಲದ ಆ ನಿಶ್ಶಬ್ದ ಬರೋದೇ ಇಲ್ಲ. ಎಲ್ಲಿಂದ ಸರಿ ಮಾಡಬೇಕು?

ಅಗಸೆಎಣ್ಣೆ

ಹಸಿರು ಪಟ್ಟೆಯದು ಮೊದಲು ನೋಡೋಣ, ಅದು ಸುಲಭ. ಹಳದಿ ಒದ್ದೆಯಿರುವಾಗ ನೀಲಿಯನ್ನು ನೇರ ಅದರೊಳಕ್ಕೆ ಎಳೆದರೆ ಹಸಿರಾಗದೆ ಇನ್ನೇನಾಗುತ್ತೆ? ಎರಡರ ನಡುವೆ ಮಾಸಲು ಗುಲಾಬಿಯ ಒಂದು ಪಟ್ಟಿ ಬೇಕು. ಆಕಾಶಕ್ಕೆ ಐದು ಗುಡ್ಡೆ ಮೊದಲೇ ಬೆರೆಸಿಟ್ಟುಕೊಳ್ಳಿ. ಕ್ಯಾನ್ವಾಸಿನ ಮೇಲೆ ಬೆರೆಸೋಣ ಅನ್ನಬೇಡಿ.

ದಿಗಂತದಿಂದ ಮೇಲಕ್ಕೆ: ಮೊದಲನೆಯದು ಬಿಳಿ 10 ಪಾಲು, ಯೆಲ್ಲೊ ಓಕರ್ 2, ಕ್ಯಾಡ್ಮಿಯಂ ಯೆಲ್ಲೊ ಸೂಜಿಮೊನೆಯಷ್ಟು. ಎರಡನೆಯದು ಬಿಳಿ 10, ಓಕರ್ 1, ಲೈಟ್ ರೆಡ್ (ಇಟ್ಟಿಗೆಗೆಂಪು ಮಣ್ಣುಬಣ್ಣ) ಅರ್ಧ. ಮೂರನೆಯದೇ ಮುಖ್ಯ: ಬಿಳಿ 10, ಲೈಟ್ ರೆಡ್ 1, ಕೋಬಾಲ್ಟ್ ಬ್ಲೂ ಅರ್ಧ. ನಾಲ್ಕನೆಯದು ಬಿಳಿ 8, ಕೋಬಾಲ್ಟ್ 2, ಲೈಟ್ ರೆಡ್ 1. ಐದನೆಯದು ಬಿಳಿ 6, ಕೋಬಾಲ್ಟ್ 3, ಐವರಿ ಬ್ಲ್ಯಾಕ್ ಕಾಲು ಪಾಲು. ಇವು ಶುರುವಿನ ಅಳತೆ ಅಷ್ಟೆ. ಲೈಟ್ ರೆಡ್ ಕಂಪನಿಯಿಂದ ಕಂಪನಿಗೆ ತುಂಬ ಏರುಪೇರಾಗುತ್ತೆ, ಸ್ವಲ್ಪ ಸ್ವಲ್ಪವೇ ಹಾಕಿ.

ಎಷ್ಟು ಬಣ್ಣ ಬೇಕು ಅಂತ ಲೆಕ್ಕ ಹಾಕಬಹುದು. 14 × 18 ಇಂಚು ಅಂದರೆ ಸುಮಾರು 1,600 ಚದರ ಸೆಂ.ಮೀ. ಆಕಾಶ ಅದರಲ್ಲಿ ನೂರಕ್ಕೆ ಸುಮಾರು 60 ಪಾಲು ಅಂತಿಟ್ಟುಕೊಂಡರೂ 1,000 ದಾಟಲ್ಲ. ಪದರ 0.1 ಮಿ.ಮೀ. ದಪ್ಪವಿದ್ದರೆ ಐದೂ ಗುಡ್ಡೆ ಸೇರಿ 10 ಮಿ.ಲೀ. ಸಾಕು. 15 ಬೆರೆಸಿ. ಅರ್ಧದಲ್ಲಿ ಮುಗಿದರೆ ಅದೇ ಬಣ್ಣ ಮತ್ತೆ ಸಿಗೋದಿಲ್ಲ.

ಹಚ್ಚುವ ಕ್ರಮ: ದಿಗಂತದಿಂದ ಶುರು ಮಾಡಿ ಅಡ್ಡಡ್ಡ ಪಟ್ಟಿಗಳಾಗಿ ಮೇಲಕ್ಕೆ ಹೋಗಿ. ಐದೂ ಪಟ್ಟಿ ಕೂತ ಮೇಲೆ ಒಣಗಿದ ಮೆತ್ತನೆ ಮಾಪ್ ಬ್ರಷ್ಷಿನಿಂದ ಸಂದುಗಳ ಮೇಲೆ ಮಾತ್ರ ಅಡ್ಡಕ್ಕೆ ಸವರಿ. ಪ್ರತಿ ಎಳೆತಕ್ಕೂ ಬ್ರಷ್ ಬಟ್ಟೆಗೆ ಒರೆಸಲೇಬೇಕು. ಒರೆಸದೆ ನಾಲ್ಕು ಸಲ ಎಳೆದರೆ ಮೇಲಿನ ನೀಲಿ ಕೆಳಗಿನ ಹಳದಿಗೆ ಬಂತು ಅಂತಲೇ ಲೆಕ್ಕ.

ಮೂಲೆಮಟ್ಟ

ಹಡಗು ಅಂಟಿಸಿದ ಹಾಗೆ ಕಾಣೋದಕ್ಕೆ ಬಣ್ಣ ಕಾರಣ ಅಲ್ಲ, ದಿಗಂತ ಕಾರಣ. ಒಂದು ನಿಯಮ ತಲೆಯಲ್ಲಿರಲಿ: ನೋಡುವವನ ಕಣ್ಣು ನೀರಿನ ಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೋ, ದಿಗಂತದ ಗೆರೆ ಪ್ರತಿ ಹಡಗನ್ನೂ ಅಷ್ಟೇ ಎತ್ತರದಲ್ಲಿ ಕತ್ತರಿಸುತ್ತೆ. ಹತ್ತಿರದ್ದಾಗಲಿ ದೂರದ್ದಾಗಲಿ.

ಉದಾಹರಣೆಗೆ ಕಣ್ಣು ನೀರಿನಿಂದ 5 ಮೀಟರ್ ಮೇಲಿದೆ ಅಂದುಕೊಳ್ಳಿ, ಹಡಗಿನ ಕಂಬದ ತುದಿ ನೀರಿನಿಂದ 20 ಮೀಟರ್. ದಿಗಂತ ಆ ಹಡಗನ್ನು ಕೆಳಗಿನಿಂದ ಕಾಲು ಭಾಗದಲ್ಲಿ ದಾಟಬೇಕು. ಅದೇ ಹಡಗು ಎರಡರಷ್ಟು ದೂರ ಹೋದರೆ ಚಿತ್ರದಲ್ಲಿ ಅರ್ಧ ಎತ್ತರ ಆಗುತ್ತೆ, ಆದರೂ ದಿಗಂತ ದಾಟೋದು ಕಾಲು ಭಾಗದಲ್ಲೇ. 8 ಮೀಟರ್ ಕಂಬದ ಮೀನುದೋಣಿಯಾದರೆ ಅರ್ಧಕ್ಕಿಂತ ಮೇಲೆ, 5/8ರಲ್ಲಿ ದಾಟುತ್ತೆ. ಪ್ರತಿ ಮಾಡುವವರು ಹಡಗನ್ನು ಒಂದೊಂದಾಗಿ ಟ್ರೇಸ್ ಮಾಡಿ, ಜಾಗ ಹೊಂದಲಿ ಅಂತ ಒಂಚೂರು ಮೇಲೆ ಕೆಳಗೆ ಸರಿಸುತ್ತಾರೆ. ಅಲ್ಲೇ ಕೆಟ್ಟಿತು. 14 × 18ರಲ್ಲಿ 3 ಮಿ.ಮೀ. ಸರಿದರೂ ದೂರದ ಹಡಗು ಗಾಳಿಯಲ್ಲಿ ತೇಲುತ್ತೆ.

ಪ್ರಿಂಟ್ ತೆಗೆದುಕೊಂಡು ದಿಗಂತಕ್ಕೆ ಒಂದು ಗೆರೆ ಎಳೆಯಿರಿ. ಆಮೇಲೆ ಪ್ರತಿ ಹಡಗಿಗೂ ಎರಡು ಅಳತೆ ಬರೆದುಕೊಳ್ಳಿ: ದಿಗಂತದಿಂದ ಕಂಬದ ತುದಿಗೆ ಎಷ್ಟು, ದಿಗಂತದಿಂದ ನೀರು ಮುಟ್ಟುವ ಜಾಗಕ್ಕೆ ಎಷ್ಟು. ಐದು ಹಡಗು, ಹತ್ತು ಅಂಕಿ. ಅಷ್ಟು ಸರಿಯಿದ್ದರೆ ಮಿಕ್ಕಿದ್ದು ತಾನಾಗಿ ಕೂರುತ್ತೆ. ಕಂಬಗಳಿಗೆ ಕಣ್ಣಂದಾಜು ಬೇಡ, ಮೂಲೆಮಟ್ಟ ಇಟ್ಟೇ ಎಳೆಯಿರಿ. ಒಂದು ಕಂಬ ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಅದು ಹಡಗು ಕಟ್ಟಿದ ರೀತಿ. ಐದೂ ಒಂದೊಂದು ದಿಕ್ಕಿಗೆ ವಾಲಿದರೆ ಅದು ಪ್ರತಿ ಮಾಡಿದವರ ಕೈ.

ಇನ್ನೊಂದು ಮಾತು. 72.5ಕ್ಕೆ 94 ಅಂದರೆ 0.771. 14ಕ್ಕೆ 18 ಅಂದರೆ 0.778. ಅಂತರ ಸಣ್ಣದು, ಆದರೆ ಪ್ರಿಂಟನ್ನು ಹಿಗ್ಗಿಸಿ ಹೊಂದಿಸಬೇಡಿ. ಮೇಲೆ ಆಕಾಶದಲ್ಲಿ 3 ಮಿ.ಮೀ. ಹೆಚ್ಚಿಗೆ ಬಿಟ್ಟರೆ ಸಾಕು.

ನೀರ್ಗೆರೆ

ಮೇಲಿನ ಲೆಕ್ಕಕ್ಕೆ ನೀರಿನ ಬಿಂಬವನ್ನೂ ಸೇರಿಸಿಕೊಳ್ಳಿ. ಶಾಂತ ನೀರಿನ ಚಿತ್ರಗಳಲ್ಲಿ ಹತ್ತಕ್ಕೆ ಎಂಟು ಪ್ರತಿಗಳು ಕೆಡೋದು ಪ್ರತಿಬಿಂಬದಲ್ಲಿ.

ಜನ ಮಾಡುವ ತಪ್ಪು ಏನು ಅಂದರೆ ಚಿತ್ರವನ್ನು ದಿಗಂತದಲ್ಲಿ ಮಡಚಿದ ಹಾಗೆ ಬಿಂಬ ಬರೆಯೋದು. ಆಕಾಶಕ್ಕೆ ಅದು ಸರಿ. ದಿಗಂತದ ಪಕ್ಕದ ನೀರಿನಲ್ಲಿ ದಿಗಂತದ ಪಕ್ಕದ ಆಕಾಶ ಕಾಣುತ್ತೆ, ಕಾಲಬುಡದ ನೀರಿನಲ್ಲಿ ಮೇಲಿನ ಕಡುಬಣ್ಣದ ಆಕಾಶ. ಆದರೆ ಹಡಗಿನ ಬಿಂಬ ಮಡಚಬೇಕಾದ್ದು ಆ ಹಡಗು ನೀರು ಮುಟ್ಟುವ ಗೆರೆಯಲ್ಲಿ. ಮೂಲೆಮಟ್ಟ ಅವರ ಹಡಗನ್ನೇ 100 ಮೀಟರ್ ದೂರ ನಿಲ್ಲಿಸಿ: ನೀರ್ಗೆರೆ ದಿಗಂತಕ್ಕಿಂತ 5 ಪಾಲು ಕೆಳಗೆ, ಕಂಬದ ತುದಿ 15 ಪಾಲು ಮೇಲೆ. ಬಿಂಬದ ತುದಿ ನೀರ್ಗೆರೆಯಿಂದ 20 ಪಾಲು ಕೆಳಗೆ, ಅಂದರೆ ದಿಗಂತದಿಂದ 25. ದಿಗಂತದಲ್ಲಿ ಮಡಚಿದವರು 15ಕ್ಕೇ ನಿಲ್ಲಿಸಿರುತ್ತಾರೆ. 10 ಪಾಲು ಖೋತಾ.

ಹಾಗಾದರೆ ಬಿಂಬಗಳು ಅಷ್ಟು ಉದ್ದ ಚಾಚಿಕೊಂಡು ದಡಕ್ಕೇ ಬರಬೇಕಲ್ಲ ಅಂತ ಕೇಳಬಹುದು. ಬರುತ್ತವೆ. ಆದರೆ ಕಂಬದ ತುದಿಯ ಬಿಂಬ ಕಾಣೋದು ನೋಡುವವನಿಂದ ಬರೀ 20 ಮೀಟರ್ ದೂರದ ನೀರಿನಲ್ಲಿ (100 × 5 ÷ 25). ಅಷ್ಟರೊಳಗೆ ಮುಂಭಾಗದ ದಡವಿದ್ದರೆ ಬಿಂಬದ ತುದಿ ನೆಲಕ್ಕೆ ತಾಗಿ ಮುಗಿಯುತ್ತೆ. ಮುಂದೆ ಅಗಲವಾದ ದಡ ಬರೆದ ಚಿತ್ರಗಳಲ್ಲಿ ಪೂರ್ತಿ ಬಿಂಬ ಕಾಣದಿರೋದಕ್ಕೆ ಇದೇ ಕಾರಣ. ಬಿಂಬವನ್ನು ದಡದವರೆಗೆ ತಂದು ಅಲ್ಲಿ ಕತ್ತರಿಸಿ. ನಡು ನೀರಿನಲ್ಲಿ ಸುಮ್ಮನೆ ಮಸುಕು ಮಾಡಿ ಕೈಬಿಟ್ಟರೆ ಕಣ್ಣು ನಂಬೋದಿಲ್ಲ.

ಬಣ್ಣದಲ್ಲಿ: ಕಪ್ಪು ಒಡಲಿನ ಬಿಂಬ ಒಡಲಿಗಿಂತ ಒಂದು ಮೆಟ್ಟಿಲು ತಿಳಿ, ಬಿಳಿ ಹಾಯಿಯ ಬಿಂಬ ಹಾಯಿಗಿಂತ ಒಂದು ಮೆಟ್ಟಿಲು ಗಾಢ. ಎರಡೂ ನಡುವಿನ ಬಣ್ಣದ ಕಡೆ ಸರಿಯುತ್ತವೆ. ನೀರು ಪೂರ್ತಿ ಕನ್ನಡಿ ಅಲ್ಲವಲ್ಲ. 1.6 ಮೀಟರ್ ಎತ್ತರದ ಕಣ್ಣಿಗೆ 18 ಮೀಟರ್ ದೂರದ ನೀರು ಬೆಳಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಹಿಂದಕ್ಕೆ ಕೊಡುತ್ತೆ. 9 ಮೀಟರಿನಲ್ಲಿ ಮೂರನೇ ಒಂದು ಭಾಗ. ಕಾಲಬುಡದಲ್ಲಿ ನೂರಕ್ಕೆ ಎರಡೇ ಪಾಲು, ಅಲ್ಲಿ ತಳದ ಕಲ್ಲು ಮಣ್ಣೇ ಕಾಣಬೇಕು. ದಡದಂಚಿನವರೆಗೂ ಒಂದೇ ಹೊಳಪಿನ ಹಳದಿ ಎಳೆದರೆ ನೀರು ತಗಡಾಗುತ್ತೆ.

ಹೊಸಕುಂಚ

ಹತ್ತು ಅಂಕಿ ಅಳೆದು ನೋಡಿದಾಗ ಪ್ರತಿಯಲ್ಲಿ ಎರಡು ಹಡಗು 4 ಮಿ.ಮೀ. ಮೇಲಿವೆ. ಮಡಿಕೆಯೂ ದಿಗಂತದಲ್ಲೇ ಆಗಿದೆ. ಹಾಯಿಗಳ ಬಗ್ಗೆ ಯಾರಾದರೂ ಹೇಳುತ್ತೀರಾ? ಗಾಳಿ ತುಂಬಿದ ಹಾಗೆ ಬರೆದರೆ ಚೆನ್ನಾಗಿ ಕಾಣುತ್ತೆ, ಆದರೆ ಯಾಕೋ ಸುಳ್ಳು ಅನ್ನಿಸುತ್ತೆ.

ಕೂವೆಮರ

ಸುಳ್ಳೇ. ನೀರು ಕನ್ನಡಿ ಆಗಬೇಕಾದರೆ ಗಾಳಿ ಇರಬಾರದು, ಗಾಳಿ ಇಲ್ಲದಿದ್ದರೆ ಹಾಯಿ ಉಬ್ಬಬಾರದು. ಕನ್ನಡಿ ನೀರು, ಉಬ್ಬಿದ ಹಾಯಿ, ಪಟಪಟ ಬಾವುಟ ಮೂರೂ ಒಟ್ಟಿಗಿದ್ದರೆ ಅದು ಕ್ಯಾಲೆಂಡರ್ ಚಿತ್ರ. ಶಾಂತ ಬಂದರಿನಲ್ಲಿ ಹಾಯಿ ಮೂರು ಥರ ಕಾಣುತ್ತೆ. ಅಡ್ಡಮರಕ್ಕೆ ಸುತ್ತಿ ಕಟ್ಟಿದ್ದು ತೆಳು ಹಾಸಿಗೆ ಸುರುಳಿ ಥರ. ಅರ್ಧ ಮೇಲಕ್ಕೆಳೆದಿದ್ದು ಕೆಳಗೆ ತೋರಣದ ಹಾಗೆ ಜೋತು. ಒಣಗಲು ಬಿಟ್ಟದ್ದು ನೇರ ಕೆಳಕ್ಕೆ ಇಳಿಬಿದ್ದು, ಮಡಿಕೆಗಳೆಲ್ಲ ಉದ್ದುದ್ದ. ಮೂರರಲ್ಲೂ ಬಟ್ಟೆಯ ತೂಕ ಕಾಣಬೇಕು.

ಅಡ್ಡಮರದ ಉದ್ದ ಹಡಗು ತಿರುಗಿದ ಹಾಗೆ ಬದಲಾಗುತ್ತೆ. ಹಡಗು ನಮ್ಮತ್ತ ಮೂತಿ ಮಾಡಿದ್ದರೆ ಅಡ್ಡಮರ ಪೂರ್ತಿ ಉದ್ದಕ್ಕೆ ಕಾಣುತ್ತೆ, ಒಡಲು ಕುಗ್ಗುತ್ತೆ. ಪಕ್ಕ ತೋರಿಸಿದರೆ ಒಡಲು ಉದ್ದ, ಅಡ್ಡಮರ ಮೋಟು. ಎರಡನ್ನೂ ಪೂರ್ತಿ ಉದ್ದಕ್ಕೆ ಬರೆದರೆ ಆಟಿಕೆ ಹಡಗು. ಕಂಬವೂ ಒಂದೇ ಮರ ಅಲ್ಲ. ದೊಡ್ಡ ಹಡಗಿನಲ್ಲಿ ಕೆಳಗಂಬ, ನಡುಗಂಬ, ಮೇಲ್ಗಂಬ ಅಂತ ಮೂರು ತುಂಡು, ಒಂದರ ತುದಿ ಇನ್ನೊಂದರ ಬುಡದ ಜತೆ ಸ್ವಲ್ಪ ದೂರ ಜೋಡಿಯಾಗಿ ನಿಂತಿರುತ್ತೆ. ಆ ಜೋಡಿ ಜಾಗದಲ್ಲಿ ಗೆರೆ ದಪ್ಪ, ಅಲ್ಲಿಂದ ಮೇಲೆ ಥಟ್ಟನೆ ಸಪೂರ. ಬುಡದಿಂದ ತುದಿಗೆ ಒಂದೇ ಸಮ ಸಪೂರವಾಗುವ ಗೆರೆ ಹಾಕಿದರೆ ಅಡಿಕೆ ಮರ ಬರುತ್ತೆ.

ಹಗ್ಗಗಳಲ್ಲಿ ಎರಡು ಜಾತಿ. ಕಂಬವನ್ನು ಹಿಡಿದು ನಿಲ್ಲಿಸುವ ಕಾಯಂ ಹಗ್ಗಗಳಿಗೆ ಟಾರು ಬಳಿದಿರುತ್ತೆ, ಅವು ಕಪ್ಪು, ಬಿಗಿ, ನೇರ. ಹಾಯಿ ಏರಿಸಿ ಇಳಿಸುವ ಹಗ್ಗ ತಿಳಿ ಕಂದು, ಸ್ವಲ್ಪ ಸಡಿಲ, ನಡುವೆ ಒಂಚೂರು ಜೋಲು. ಎಲ್ಲವನ್ನೂ ಕಪ್ಪಲ್ಲಿ ಬಿಗಿಯಾಗಿ ಎಳೆದದ್ದಕ್ಕೇ ನಿಮ್ಮದು ಮುಳ್ಳುಬೇಲಿ ಆಗಿರೋದು.

ಅಗಸೆಎಣ್ಣೆ

ಹಗ್ಗಕ್ಕೆ ಬ್ರಷ್: ರಿಗ್ಗರ್ 0 ಅಥವಾ 1. ಇಂಗ್ಲಿಷಿನಲ್ಲಿ ಆ ಬ್ರಷ್ಷಿಗೆ ಹೆಸರು ಬಂದಿದ್ದೇ ಹಡಗಿನ ಹಗ್ಗ ಬರೆಯೋದರಿಂದ. ಕೂದಲು ಉದ್ದ ಇರೋದರಿಂದ ಬಣ್ಣ ಹೆಚ್ಚು ಹಿಡಿಯುತ್ತೆ, ಕೈ ನಡುಕ ತುದಿಗೆ ತಲುಪಲ್ಲ. ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ಅಂಡರ್‌ಪೇಂಟಿಂಗ್ (ಕೆಳಪದರದ ಬಣ್ಣ) ಒಣಗಿರಬೇಕು, ಬೆರಳಿಗೆ ಅಂಟಬಾರದು. ಕೈ ಕ್ಯಾನ್ವಾಸಿಗೆ ತಾಗದಂತೆ ಮಾಲ್‌ಸ್ಟಿಕ್ (ಕೈಗೆ ಆಸರೆಯ ಕೋಲು) ಮೇಲೆ ಇಡಿ. ಅಳತೆಪಟ್ಟಿ ಬಳಸುವುದಾದರೆ ಒಂದಂಚು ಎತ್ತಿ ಹಿಡಿದು ಬ್ರಷ್ಷಿನ ಲೋಹದ ಕುತ್ತಿಗೆಯನ್ನು ಆ ಅಂಚಿನ ಮೇಲೆ ಜಾರಿಸಿ. ಪಟ್ಟಿಯನ್ನು ಚಪ್ಪಟೆ ಇಟ್ಟರೆ ಬಣ್ಣ ಅಡಿಗೆ ನುಗ್ಗುತ್ತೆ.

ಇನ್ನೊಂದು ಸೂಕ್ಷ್ಮ. ಹಗ್ಗ ಬೆಳಕಿನ ಪಟ್ಟಿ ದಾಟುವ ಕಡೆ ಸಪೂರ ಕಾಣುತ್ತೆ, ಹೊಳಪು ಅದನ್ನು ಎರಡೂ ಬದಿಯಿಂದ ತಿನ್ನುತ್ತೆ. ಅಲ್ಲಿ ಗೆರೆಯನ್ನು ತಿಳಿಗೊಳಿಸಿ ಇಲ್ಲವೇ ಒಂದೆರಡು ಕಡೆ ತುಂಡರಿಸಿ. ಮೇಲೆ ನೇರಳೆ ಮೋಡದ ಎದುರು ಮತ್ತೆ ಜೋಡಿಸಿ. ಪೂರ್ತಿ ಗೆರೆಗಿಂತ ತುಂಡರಿಸಿದ ಗೆರೆಯೇ ಹೆಚ್ಚು ಬಿಗಿಯಾಗಿ ಕಾಣುತ್ತೆ.

ಗ್ಯಾಲರಿಮೂಲೆ

ಒಂದು ತಕರಾರು. ಇಷ್ಟೆಲ್ಲ ಪಟ್ಟಿ ಹಿಡಿದು ಅಳೆದರೆ ಇದು ನಕ್ಷೆ ಆಗುತ್ತೆಯೇ ಹೊರತು ಫ್ರೀಡ್ರಿಶ್ ಆಗಲ್ಲ. ರೊಮ್ಯಾಂಟಿಕ್ ಪಂಥದ ಚಿತ್ರದಲ್ಲಿ ಮುಖ್ಯ ಭಾವ. ಬೆನ್ನು ತೋರಿಸಿರುವ ಮುದುಕ ಫ್ರೀಡ್ರಿಶ್ ತಾನೇ, ಮಕ್ಕಳಿಬ್ಬರು ಅವನ ಗುಸ್ತಾಫ್ ಅಡಾಲ್ಫ್ ಮತ್ತು ಆಗ್ನೆಸ್, ಹುಡುಗಿ ಎಮ್ಮ, ಟೋಪಿಯವನು ಅಣ್ಣನ ಮಗನೋ ತಮ್ಮನ ಮಗನೋ, ಅಂತೂ ಮನೆ ಹುಡುಗ. ಐದು ಹಡಗು ಆ ಐವರದೇ ಪಯಣ. ನಡುವಿನ ಹಡಗಿನ ಕಂಬ ಮತ್ತು ಅಡ್ಡಮರ ಶಿಲುಬೆ. ಇದನ್ನು ಬಿಟ್ಟು 3 ಮಿ.ಮೀ., 4 ಮಿ.ಮೀ. ಅನ್ನುವುದರಲ್ಲಿ ಏನಿದೆ?

ಮೂಲೆಮಟ್ಟ

ಆ ಓದು ಸರಿಯೇ ಇದೆ, ಹಾಗೇ ಓದಿಕೊಂಡು ಬಂದಿದ್ದಾರೆ. ಆದರೆ ‘ಬದುಕಿನ ಹಂತಗಳು’ ಅನ್ನುವ ಹೆಸರು ಅವನು ಇಟ್ಟದ್ದಲ್ಲ ಅನ್ನೋದೂ ನೆನಪಿರಲಿ. ಅವನು ಇಟ್ಟದ್ದು ಐದು ಹಡಗು, ಐದು ಬೇರೆ ಬೇರೆ ದೂರದಲ್ಲಿ. ಆ ದೂರ ಕಣ್ಣಿಗೆ ತಿಳಿಯದಿದ್ದರೆ ಯಾವ ಹಡಗು ದಡ ಸೇರುತ್ತಿದೆ, ಯಾವುದು ಇನ್ನೂ ಆಚೆಯಿದೆ ಅನ್ನೋದೇ ತಿಳಿಯಲ್ಲ. ಆಗ ಪಯಣದ ಅರ್ಥ ಎಲ್ಲಿಂದ ಬರಬೇಕು? ಆ ದೂರ ತಿಳಿಯೋದು ದಿಗಂತ ಮತ್ತು ನೀರ್ಗೆರೆಯ ಅಂತರದಿಂದ. 3 ಮಿ.ಮೀ. ಅಂದರೆ ಅದೇ.

ಅವನ ಸ್ಟುಡಿಯೋ ಹೇಗಿತ್ತು ಅಂತ ನೋಡಬೇಕಾದರೆ ಗೆಳೆಯ ಗೇಯೋರ್ಗ್ ಫ್ರೀಡ್ರಿಶ್ ಕೆರ್ಸ್ಟಿಂಗ್ 1811ರಲ್ಲಿ ಬರೆದ ಚಿತ್ರವಿದೆ, ಹ್ಯಾಂಬರ್ಗ್ ಮ್ಯೂಸಿಯಂನಲ್ಲಿ. ಬೋಳು ಗೋಡೆ, ಅದರ ಮೇಲೆ ಟಿ-ಸ್ಕ್ವೇರ್, ಮೂಲೆಮಟ್ಟ, ಒಂದೆರಡು ಪ್ಯಾಲೆಟ್. ಕಿಟಕಿಯ ಕೆಳಭಾಗ ಮುಚ್ಚಿದೆ, ಬೆಳಕು ಮೇಲಿನಿಂದ ಮಾತ್ರ. ಕೈ ಮಾಲ್‌ಸ್ಟಿಕ್ ಮೇಲೆ. ಭಾವದ ಚಿತ್ರಕಾರನ ಗೋಡೆಯ ಮೇಲೆ ಇರೋದು ಬಡಗಿಯ ಸಾಮಾನು.

ಅವನು ಕಡಲಂಚಿನಲ್ಲಿ ಕೂತು ಬರೆದದ್ದೂ ಅಲ್ಲ. 1774ರಲ್ಲಿ ಹುಟ್ಟಿದ್ದು ಬಾಲ್ಟಿಕ್ ದಡದ ಗ್ರೈಫ್ಸ್‌ವಾಲ್ಡ್‌ನಲ್ಲಿ, 1798ರಿಂದ 1840ರಲ್ಲಿ ಸಾಯುವವರೆಗೆ ಇದ್ದದ್ದು ಡ್ರೆಸ್ಡೆನ್‌ನಲ್ಲಿ. ಅಲ್ಲಿ ಎಲ್ಬ ನದಿ ಇದೆ, ಸಮುದ್ರ ಇಲ್ಲ. ಊರಿಗೆ ಹೋದಾಗ ಪೆನ್ಸಿಲಿನಲ್ಲಿ ಗೀಚಿ ತಂದ ಹಡಗುಗಳನ್ನು ವರ್ಷಗಟ್ಟಲೆ ಇಟ್ಟುಕೊಂಡು, ಬೇಕಾದಾಗ ಒಂದೊಂದನ್ನು ಕ್ಯಾನ್ವಾಸಿನಲ್ಲಿ ಕೂರಿಸುತ್ತಿದ್ದ. ಬೇರೆ ಬೇರೆ ಕಾಗದದ ಹಡಗುಗಳನ್ನು ಒಂದೇ ನೀರಿನಲ್ಲಿ ನಿಲ್ಲಿಸಬೇಕಾದರೆ ಅಳತೆ ಬಿಟ್ಟು ಬೇರೆ ದಾರಿ ಇಲ್ಲ.

ಗ್ಯಾಲರಿಮೂಲೆ

ಒಪ್ಪಿದೆ, ಅರ್ಧ. ಆದರೆ ಏನನ್ನು ಬಿಡಬೇಕು ಅನ್ನುವುದನ್ನು ಯಾವ ಮೂಲೆಮಟ್ಟವೂ ಹೇಳಲ್ಲ. ‘ಕಡಲ ದಡದ ಸನ್ಯಾಸಿ’ಯನ್ನೇ ತೆಗೆದುಕೊಳ್ಳಿ, 1808-10, ಬರ್ಲಿನ್‌ನಲ್ಲಿದೆ. ಇನ್ಫ್ರಾರೆಡ್ ಹಿಡಿದು ನೋಡಿದಾಗ ಬಣ್ಣದ ಅಡಿಯಲ್ಲಿ ಹಡಗುಗಳ ಗೆರೆ ಸಿಕ್ಕಿದೆ. ಗೆರೆ ಹಾಕಿ, ಆಮೇಲೆ ಬೇಡ ಅಂತ ಬಣ್ಣದಲ್ಲಿ ಮುಚ್ಚಿದ್ದಾನೆ. ಅಲ್ಲಿ ಉಳಿದದ್ದು ಒಬ್ಬ ಮನುಷ್ಯ, ಖಾಲಿ ನೀರು. ಇಲ್ಲಿ, ಇಪ್ಪತ್ತೈದು ವರ್ಷದ ಮೇಲೆ, ಐದನ್ನು ಇಟ್ಟುಕೊಂಡಿದ್ದಾನೆ. ಪ್ರತಿ ಮಾಡುವವರು ಹಡಗಿನ ಮೇಲೆ ನಾವಿಕರನ್ನು, ಆಕಾಶದಲ್ಲಿ ಹಕ್ಕಿಗಳನ್ನು ಸೇರಿಸೋದು ನೋಡಿದ್ದೇವಲ್ಲ, ಖಾಲಿ ಜಾಗ ಕಂಡರೆ ಕೈ ತುರಿಸುತ್ತೆ. ಅದೊಂದು ಬೇಡ.

ಮೂಲೆಮಟ್ಟ

ಅದಕ್ಕೆ ಪೂರ್ತಿ ಒಪ್ಪಿಗೆ.

ಕೂವೆಮರ

ನೀರಿನ ಬಗ್ಗೆ ಒಂದು ಭೂಗೋಳ. ಈ ದಡ ಗ್ರೈಫ್ಸ್‌ವಾಲ್ಡ್ ಹತ್ತಿರದ ಉಟ್‌ಕೀಕ್ ಅನ್ನುವ ಜಾಗವನ್ನು ಹೋಲುತ್ತೆ. ಆ ಕೊಲ್ಲಿಗೆ ರ್ಯೂಗೆನ್ ದ್ವೀಪದ ಮರೆ ಇದೆ, ಸರಾಸರಿ ಆಳ 6 ಮೀಟರೂ ಇಲ್ಲ. ಬಾಲ್ಟಿಕ್‌ನ ಆ ಕಡೆ ಉಬ್ಬರವಿಳಿತ ಹೆಸರಿಗಷ್ಟೆ, ಕೆಲವು ಸೆಂಟಿಮೀಟರ್. ಹಾಗಾಗಿ ದಡದ ಕಲ್ಲುಗಳ ಮೇಲೆ ಉಬ್ಬರದ ಕಪ್ಪು ಪಟ್ಟಿ, ಪಾಚಿ ಪಟ್ಟಿ ಬರೆಯಬೇಡಿ. ಮಂಗಳೂರು, ಕಾರವಾರ ಕಡೆಯ ದಕ್ಕೆ ನೋಡಿ ರೂಢಿಯಾದ ಕಣ್ಣು ಆ ಪಟ್ಟಿಯನ್ನು ತಾನಾಗಿ ಸೇರಿಸುತ್ತೆ, ನಮ್ಮ ಕಡೆ ಉಬ್ಬರವಿಳಿತದಲ್ಲಿ ನೀರು ಎದ್ದು ಕಾಣುವಷ್ಟು ಏರಿ ಇಳಿಯುವುದರಿಂದ.

ಪಟ್ಟಿ ಬೇಕು ಅನ್ನುವವರು ಅಮೆರಿಕದ ಫಿಟ್ಜ್ ಹೆನ್ರಿ ಲೇನ್‌ನನ್ನು ಪ್ರತಿ ಮಾಡಲಿ. ಮ್ಯಾಸಚೂಸೆಟ್ಸ್‌ನ ಗ್ಲಾಸ್ಟರ್ ಬಂದರಿನವನು, 1804-1865. ಅಲ್ಲಿ ಉಬ್ಬರವಿಳಿತದ ಅಂತರ ಎರಡೂವರೆ ಮೀಟರಿಗೂ ಹೆಚ್ಚು, ಇಳಿತದಲ್ಲಿ ಬಯಲಾದ ಕಲ್ಲು, ಕಡಲಕಳೆ ಅವನಿಗೆ ಮುಂಭಾಗಕ್ಕೆ ಸಲೀಸಾಗಿ ಸಿಗುತ್ತೆ. ಕಲ್ಲಚ್ಚಿನ ಅಂಗಡಿಯಲ್ಲಿ ಕಲಿತ ಕೈ. ಬ್ರಷ್ಷಿನ ಗುರುತು ಹುಡುಕಿದರೂ ಸಿಗಲ್ಲ, ಹಗ್ಗ ಎಣಿಸಬಹುದು. ಬಾಸ್ಟನ್ ಮ್ಯೂಸಿಯಂನ ‘ಔಲ್ಸ್ ಹೆಡ್’ (1862) ಬರೀ 40 × 66 ಸೆಂ.ಮೀ., ಮೂಲ ಅಳತೆಯಲ್ಲೇ ಪ್ರತಿ ಮಾಡಬಹುದು. ಅದರಲ್ಲೂ ದಡದಲ್ಲಿ ಬೆನ್ನು ತೋರಿಸಿದ ಒಬ್ಬ ಇದ್ದಾನೆ.

ನೀರ್ಗೆರೆ

ಲೇನ್ ಹೊಸಬರಿಗೆ ನಿಜಕ್ಕೂ ಒಳ್ಳೆಯ ಪಾಠ. ಇಂಗ್ಲೆಂಡಿನ ಟರ್ನರ್ ಮಾತ್ರ ಬೇಡ. 1818ರ ‘ಡಾರ್ಟ್’ ಚಿತ್ರದಲ್ಲೂ ಗಾಳಿ ಬಿದ್ದು ನಿಂತ ಹಾಯಿದೋಣಿಯೇ, ನಿಂತ ನೀರೇ. ಆದರೆ ಮೂಲ 157.5 × 233.7 ಸೆಂ.ಮೀ. ಅಷ್ಟನ್ನು 18 ಇಂಚಿಗೆ ಇಳಿಸಿದರೆ ಆ ಹೊಂಬಿಸಿಲ ಮಬ್ಬು ಬರೀ ಕೊಳೆಯಾಗುತ್ತೆ.

ಹೊಸಕುಂಚ

ಫ್ರೀಡ್ರಿಶ್‌ನಲ್ಲೇ ಇರೋಣ. ಪದರಗಳ ಕ್ರಮ ಹೇಳಿ. ಮತ್ತೆ, ಟೈಟಾನಿಯಂ ವೈಟ್ ಹಾಕಿದರೆ ಆಕಾಶ ಸುಣ್ಣ ಬಳಿದ ಗೋಡೆ ಥರ ಆಗುತ್ತೆ. ಅವನು ಯಾವ ಬಿಳಿ ಬಳಸಿದ್ದ?

ಅಗಸೆಎಣ್ಣೆ

1835ರಲ್ಲಿ ಎಣ್ಣೆಬಣ್ಣದ ಬಿಳಿ ಅಂದರೆ ಸೀಸದ ಬಿಳಿ. ಟೈಟಾನಿಯಂ ಬಂದದ್ದು 1920ರ ಸುಮಾರಿಗೆ. ತಗಡಿನ ಟ್ಯೂಬ್ ಕೂಡ ಇರಲಿಲ್ಲ, ಅದು 1841ರದು. ಆಗ ಬಣ್ಣ ಇಡುತ್ತಿದ್ದದ್ದು ಹಂದಿಯ ಮೂತ್ರಕೋಶದ ಚೀಲದಲ್ಲಿ. ಸೀಸದ ಬಿಳಿ ಅರೆಪಾರದರ್ಶಕ, ಬೆಚ್ಚಗೆ, ಬೇಗ ಒಣಗುತ್ತೆ, ಆದರೆ ವಿಷ. ಮನೆಯಲ್ಲಿ, ಅದೂ ಮಕ್ಕಳಿರುವ ಕಡೆ, ಅದರ ಗೊಡವೆ ಬೇಡ. ಟೈಟಾನಿಯಮ್ಮಿಗೆ ನಾಲ್ಕನೇ ಒಂದು ಪಾಲು ಮೀರದಂತೆ ಜಿಂಕ್ ವೈಟ್ ಬೆರೆಸಿ, ಓಕರ್ ಒಂದು ಚಿಟಿಕೆ ಹಾಕಿ ಬೆಚ್ಚಗೆ ಮಾಡಿಕೊಳ್ಳಿ. ಜಿಂಕ್ ಒಂದನ್ನೇ ಬಳಸಿದರೆ ಪದರ ಹಪ್ಪಳದಂತೆ ಗಡುಸಾಗಿ ಬಿರಿಯುತ್ತೆ.

ಸುಣ್ಣದ ಗೋಡೆ ಆಗೋದಕ್ಕೆ ಇನ್ನೊಂದು ಕಾರಣ ದಪ್ಪ. ಫ್ರೀಡ್ರಿಶ್‌ನ ಬಣ್ಣ ತೆಳು ಪದರದ ಮೇಲೆ ತೆಳು ಪದರ. ಕ್ರಮ ಹೀಗಿಡಿ:

ಪ್ರೈಮ್ ಮಾಡಿದ ಕ್ಯಾನ್ವಾಸನ್ನು 400 ನಂಬರ್ ಉಜ್ಜುಕಾಗದದಲ್ಲಿ ಉಜ್ಜಿ. ಸಣ್ಣ ಅಳತೆಯಲ್ಲಿ ಬಟ್ಟೆಯ ನೇಯ್ಗೆ ಎದ್ದು ಕಂಡರೆ ಹಗ್ಗದ ಗೆರೆ ಕುಂಟುತ್ತೆ. ಯೆಲ್ಲೊ ಓಕರ್ ಮತ್ತು ಒಂದಿಷ್ಟು ಲೈಟ್ ರೆಡ್ಡನ್ನು ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳು ಮಾಡಿ ಪೂರ್ತಿ ಬಳಿದು, ಬಟ್ಟೆಯಿಂದ ಒರೆಸಿಬಿಡಿ. ಒಣಗಿದ ಮೇಲೆ ಪೆನ್ಸಿಲಿನಲ್ಲಿ ದಿಗಂತ, ಕಂಬ, ಒಡಲು. ಆಮೇಲೆ ಬರ್ನ್ಟ್ ಅಂಬರ್ ಒಂದರಲ್ಲೇ ಗಾಢ ಭಾಗಗಳು: ದಡ, ಜನ, ಒಡಲುಗಳು. ಅಂಬರ್ ಎರಡು ದಿನದಲ್ಲಿ ಒಣಗುತ್ತೆ. ಇದಕ್ಕೆ ಐವರಿ ಬ್ಲ್ಯಾಕ್ ಬಳಸಬೇಡಿ, ಅದು ವಾರ ತೆಗೆದುಕೊಳ್ಳುತ್ತೆ, ಮೇಲಿನ ಪದರ ಮೊದಲು ಒಣಗಿ ಬಿರುಕು ಬಿಡುತ್ತೆ. ನಂತರ ಆಕಾಶ ಮತ್ತು ನೀರು ಒಂದೇ ದಿನ, ಒಂದೇ ಗುಡ್ಡೆಗಳಿಂದ. ನೀರಿಗೆ ಅದೇ ಐದು ಬಣ್ಣ ತಲೆಕೆಳಗಾಗಿ, ಪ್ರತಿಯೊಂದಕ್ಕೂ ಒಂದು ಚೂರು ನಾಲ್ಕನೇ ಗುಡ್ಡೆ ಸೇರಿಸಿ ಗಾಢ ಮಾಡಿ.

ವಾರ, ಹತ್ತು ದಿನ ಬಿಟ್ಟು ಗ್ಲೇಜ್, ಅಂದರೆ ಕೆಳಗಿನದು ಕಾಣುವಷ್ಟು ತೆಳು ಬಣ್ಣದ ಪದರ. ಅಗಸೆ ಎಣ್ಣೆ 1 ಪಾಲು, ಟರ್ಪೆಂಟೈನ್ 2 ಪಾಲು. ಇದರಲ್ಲಿ ಕೋಬಾಲ್ಟ್ ಮತ್ತು ಲೈಟ್ ರೆಡ್ಡಿನ ನೇರಳೆಯನ್ನು ಬಣ್ಣದ ನೀರಿನಷ್ಟು ತೆಳು ಮಾಡಿ ಮೋಡಗಳ ಮೇಲೆ ಹಚ್ಚಿ, ಅಂಗೈಯಿಂದ ತಟ್ಟಿ ಹೆಚ್ಚಿನದನ್ನು ತೆಗೆಯಿರಿ. ಇಂಥ ಎರಡು ಗ್ಲೇಜ್ ಸಾಕು. ನಿಯಮ ಹಳೆಯದೇ: ಕೆಳಗೆ ಬಡಕಲು, ಮೇಲೆ ಜಿಡ್ಡು, ಅಂದರೆ ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು.

ನೀರ್ಗೆರೆ

ಅಗಸೆಎಣ್ಣೆಯವರ ಒಂದು ಮಾತಿಗೆ ತಿದ್ದುಪಡಿ. ನೀರಿಗೆ ಎಲ್ಲ ಕಡೆ ಒಂದೇ ಸಮ ಗಾಢತೆ ಬೇಡ. ದಿಗಂತದ ಪಕ್ಕ ಬಹುತೇಕ ಆಕಾಶದಷ್ಟೇ ಬೆಳಕು ಇರಲಿ, ದಡದ ಕಡೆ ಬಂದ ಹಾಗೆ ನಾಲ್ಕನೇ ಗುಡ್ಡೆ ಹೆಚ್ಚುತ್ತ ಬರಲಿ. ಕೊನೆಯ ಒಂದು ಬೆರಳಗಲದಲ್ಲಿ ಅಂಬರ್ ಇಣುಕಬೇಕು, ತಳ ಕಾಣುವ ಜಾಗ ಅದು. ನಿಂತ ನೀರು ಅಂದರೂ ಅಲ್ಲಲ್ಲಿ ಉಸಿರಿನಷ್ಟು ಗಾಳಿ ಮುಟ್ಟಿದ ಅಡ್ಡ ಪಟ್ಟಿಗಳಿರುತ್ತವೆ, ಎರಡು ಮೂರು ಸಾಕು. ಅವು ಪೂರ್ತಿ ಅಡ್ಡವಾಗಿರಬೇಕು, ಮೂಲೆಮಟ್ಟ ಇಟ್ಟಷ್ಟು. ಒಂದು ಪಟ್ಟಿ ಓರೆಯಾದರೂ ನೀರು ಇಳಿಜಾರಿನಲ್ಲಿ ಹರಿದ ಹಾಗಿರುತ್ತೆ. ಆ ಪಟ್ಟಿ ದಾಟುವ ಕಡೆ ಕಂಬದ ಬಿಂಬ ಒಡೆಯುತ್ತೆ, ಆಚೆ ಮತ್ತೆ ಸೇರುತ್ತೆ.

ಅಗಸೆಎಣ್ಣೆ

ಸರಿ, ಅದು ಬಿಟ್ಟುಹೋಗಿತ್ತು.

ಟರ್ಪೆಂಟೈನ್ ಬಗ್ಗೆ: ಹಾರ್ಡ್‌ವೇರ್ ಅಂಗಡಿಯ ಮಿನರಲ್ ಟರ್ಪ ಬ್ರಷ್ ತೊಳೆಯೋದಕ್ಕೆ ಮಾತ್ರ. ಡಾಮರ್ ವಾರ್ನಿಶ್ (ರಸ್ತೆಯ ಡಾಂಬರಲ್ಲ, ಮರದ ಅಂಟಿನದು) ಅದರಲ್ಲಿ ಸರಿಯಾಗಿ ಕರಗಲ್ಲ, ಮೋಡ ಕಟ್ಟುತ್ತೆ. ಎಣ್ಣೆಬಣ್ಣ ಆರುವುದು ನೀರು ಆವಿಯಾದ ಹಾಗಲ್ಲ, ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತೆ. ಮಳೆಗಾಲದಲ್ಲಿ ನಿಧಾನ. ಮಲೆನಾಡು, ಕರಾವಳಿಯಲ್ಲಿ ಕ್ಯಾನ್ವಾಸಿನ ಬೆನ್ನು ಗೋಡೆಗೆ ತಾಗಿಸಿ ಇಟ್ಟರೆ ಬೂಷ್ಟು ಹಿಡಿಯುತ್ತೆ, ಎರಡು ಬೆರಳು ಅಂತರ ಬಿಡಿ. ಅವಸರಕ್ಕೆ ಡ್ರೈಯರ್ ಸುರಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿದು ಸುಕ್ಕು ಬೀಳುತ್ತೆ. ಇನ್ನು ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಹಾಕಿಡಿ.

ಗ್ಯಾಲರಿಮೂಲೆ

ಪ್ರಿಂಟಿನ ಬಣ್ಣವನ್ನು ಪೂರ್ತಿ ನಂಬಬೇಡಿ. ಹಳೆಯ ವಾರ್ನಿಶ್ ಹಳದಿ ತಿರುಗಿದರೆ ನೀಲಿ ಹಸಿರಾಗಿ ಕಾಣುತ್ತೆ, ಆಗ ತೆಗೆದ ಫೋಟೋದಿಂದ ಬಂದ ಪೋಸ್ಟರುಗಳು ಎಲ್ಲ ಕಡೆ ಇವೆ. ಫ್ರೀಡ್ರಿಶ್ ಆಕಾಶಗಳಿಗೆ ಸ್ಮಾಲ್ಟ್ ಬಳಸುತ್ತಿದ್ದ. ಅದು ಕೋಬಾಲ್ಟ್ ಹಾಕಿದ ನೀಲಿ ಗಾಜಿನ ಪುಡಿ, ಎಣ್ಣೆಯಲ್ಲಿ ವರ್ಷ ಕಳೆದಂತೆ ಬೂದು ತಿರುಗುವ ಸ್ವಭಾವದ್ದು. ಮ್ಯೂಸಿಯಂನವರೇ ಕೊಟ್ಟ ಫೋಟೋ ಹುಡುಕಿ, ಎರಡು ಮೂರು ಪಕ್ಕಪಕ್ಕ ಇಟ್ಟುಕೊಂಡು, ದಡದ ಕಂದು ಎಲ್ಲದರಲ್ಲೂ ಹೊಂದುತ್ತದೆಯೇ ನೋಡಿ. ಹೊಂದದ್ದನ್ನು ಬಿಡಿ.

ಹೊಸಕುಂಚ

ಕೊನೆಯ ಪ್ರಶ್ನೆ. ಮಕ್ಕಳ ಕೈಯಲ್ಲಿ ಸಣ್ಣ ಬಾವುಟ ಇದೆ. ನೀಲಿ ಹಳದಿ ಟ್ಯೂಬಿನಿಂದ ನೇರ ಇಟ್ಟರೆ ಇಡೀ ಚಿತ್ರದಲ್ಲಿ ಅದೊಂದೇ ಕಾಣುತ್ತೆ.

ಕೂವೆಮರ

ಅದು ಸ್ವೀಡನ್ ಬಾವುಟ. ಗ್ರೈಫ್ಸ್‌ವಾಲ್ಡ್ 1815ರವರೆಗೆ ಸ್ವೀಡನ್ ಆಳ್ವಿಕೆಯಲ್ಲಿತ್ತು, ಆಮೇಲೆ ಪ್ರಶ್ಯಕ್ಕೆ ಹೋಯಿತು. ಚಿತ್ರ ಬರೆದದ್ದು ಅದಾಗಿ 20 ವರ್ಷಕ್ಕೆ. ಮಗನ ಹೆಸರೂ ಸ್ವೀಡನ್ ದೊರೆಯದೇ. ಹಾಗಾಗಿ ಬಾವುಟ ಬಿಡೋ ಹಾಗಿಲ್ಲ, ಕಿರುಚೋ ಹಾಗೂ ಇಲ್ಲ.

ಅಗಸೆಎಣ್ಣೆ

ನೀಲಿಗೆ ಐದನೇ ಗುಡ್ಡೆಯಲ್ಲಿ ಉಳಿದದ್ದಕ್ಕೆ ಒಂದು ಚೂರು ಕೋಬಾಲ್ಟ್. ಹಳದಿಗೆ ಮೊದಲನೇ ಗುಡ್ಡೆಗೆ ಓಕರ್ ಸೇರಿಸಿ, ಕ್ಯಾಡ್ಮಿಯಂ ಬೇಡ. ಎರಡೂ ಆಕಾಶದಿಂದಲೇ ಬಂದ ಬಣ್ಣವಾದ್ದರಿಂದ ಹೊರಗೆ ಜಿಗಿಯಲ್ಲ. ಆಕಾಶ ಬರೆದ ದಿನವೇ ಎರಡೂ ಗುಡ್ಡೆಯಿಂದ ಕಡಲೆಕಾಳಿನಷ್ಟು ಎತ್ತಿ ಗಾಜಿನ ತುಂಡಿನ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರೀಜರಿನಲ್ಲಿಡಿ, ವಾರಕ್ಕೂ ಮೆತ್ತಗಿರುತ್ತೆ. ತಿನ್ನುವ ಸಾಮಾನಿನಿಂದ ದೂರ, ಮುಚ್ಚಿದ ಡಬ್ಬದಲ್ಲಿ. ಮೊದಲು ನೀಲಿ, ಅದು ಒಣಗಿದ ಮೇಲೆ ಹಳದಿ. ಒದ್ದೆ ನೀಲಿಯ ಮೇಲೆ ಹಳದಿ ಇಟ್ಟರೆ ಮತ್ತೆ ಅದೇ ಹಸಿರು.

ಮೂಲೆಮಟ್ಟ

ಮುಗಿದ ಮೇಲೆ ಕ್ಯಾನ್ವಾಸಿನ ಹಿಂಬದಿ, ಮರದ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ: ‘ಫ್ರೀಡ್ರಿಶ್‌ನ ಚಿತ್ರದ ಪ್ರತಿ’, ನಿಮ್ಮ ಹೆಸರು, ವರ್ಷ, ಬಳಸಿದ ಬಿಳಿ ಯಾವುದು. ಬಟ್ಟೆಯ ಮೇಲೆ ಮಾರ್ಕರ್ ಬೇಡ, ಶಾಯಿ ಮುಂದಕ್ಕೆ ಇಳಿಯುತ್ತೆ. ವಾರ್ನಿಶ್ ಆರು ತಿಂಗಳ ಮೇಲೆ.